ಹೂ ನೋಡಿ ನಂಬಬೇಡಿ, ತಂಗಡಿಯ ಕಿವಿ ನೋಡಿ

ಸಕ್ಕರೆ ಕಾಯಿಲೆ ಇರುವವರ ಮನೆಗಳಲ್ಲಿ ಈಗ ಆವರಿಕೆ ಹೂವಿನ ಮಾತು ಕೇಳಿಬರುತ್ತದೆ. ಹೂವನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಬೆಳಗ್ಗೆ ಕಷಾಯ ಕಾಸಿ ಕುಡಿದರೆ ಸಕ್ಕರೆ ಹತೋಟಿಗೆ ಬರುತ್ತದೆ ಎಂದು ಒಬ್ಬರಿಂದೊಬ್ಬರಿಗೆ ಸುದ್ದಿ ಹರಡಿದೆ. ಗ್ರಂದಿಗೆ ಅಂಗಡಿಯಲ್ಲಿ ಪೊಟ್ಟಣ ಸಿಗುತ್ತದೆ. ದುಡ್ಡು ಕೊಟ್ಟು ಏಕೆ ತರಬೇಕು, ನಮ್ಮೂರ ರಸ್ತೆ ಬದಿಯಲ್ಲೇ ಮರದ ತುಂಬ ಬಿಟ್ಟಿದೆಯಲ್ಲ ಎಂದು ಚೀಲ ಹಿಡಿದು ಹೊರಡುವವರೂ ಇದ್ದಾರೆ. ಎಡವಟ್ಟು ಶುರುವಾಗುವುದು ಇಲ್ಲೇ. ರಸ್ತೆ ಬದಿಯಲ್ಲಿ ಸಾಲಾಗಿ ನಿಂತ ಆ ಎತ್ತರದ ಮರ ಆವರಿಕೆ ಅಲ್ಲ, ಸೀಮೆ ತಂಗಡಿ. ಹೂ ಹಳದಿ, ಎಲೆಯೂ ಹೆಚ್ಚುಕಡಿಮೆ ಹಾಗೇ. ಗಿಡ ಮಾತ್ರ ಬೇರೆ.

ಆವರಿಕೆ ಎಂದರೂ ತಂಗಡಿ ಎಂದರೂ ಒಂದೇ ಗಿಡ. ತೆಲುಗಿನವರಿಗೆ ಅದು ತಂಗೇಡು, ತಮಿಳರಿಗೆ ಆವಾರಂ, ಸಿಂಹಳದವರಿಗೆ ರಣವರಾ. ಸಸ್ಯಶಾಸ್ತ್ರದವರು ಸೆನ್ನಾ ಆರಿಕ್ಯುಲೇಟಾ ಎನ್ನುತ್ತಾರೆ. ಇದು ಮರವಾಗುವ ಜಾತಿಯಲ್ಲ. ಬುಡದಿಂದಲೇ ಕವಲೊಡೆದು ಆಳೆತ್ತರದ ಪೊದೆಯಾಗಿ ನಿಲ್ಲುತ್ತದೆ. ಕಲ್ಲು ಬೆರೆತ ಕೆಂಪು ನೆಲ, ಹೊಲದ ಬದು, ಕೆರೆ ಏರಿ, ಗೋಮಾಳ, ಬಂಡೆ ಬೋರೆಯ ಬುಡ ಇದರ ಮನೆ. ಹಾಸನ ಜಿಲ್ಲೆಯಲ್ಲಿ ಪಶ್ಚಿಮದ ಸಕಲೇಶಪುರದಿಂದ ಪೂರ್ವದ ಹಿರೀಸಾವೆಯ ಕಡೆಗೆ ಹೋದ ಹಾಗೆಲ್ಲ ಮಳೆ ಇಳಿಯುತ್ತ ಹೋಗುತ್ತದೆ. ಕಾಫಿ ಮುಗಿದು ಭತ್ತ, ಭತ್ತ ಮುಗಿದು ಜೋಳ, ಆಲೂಗಡ್ಡೆ, ಅದೂ ಮುಗಿದು ರಾಗಿ, ಹುರುಳಿ, ತೆಂಗು ಸಿಗುತ್ತವೆ. ಈ ಹಾದಿಯಲ್ಲಿ ತಂಗಡಿ ಕಾಣಿಸಿಕೊಳ್ಳುವುದು ಹಾಸನ ದಾಟಿದ ಮೇಲೆ. ಚನ್ನರಾಯಪಟ್ಟಣದ ಬಾಗೂರು, ನುಗ್ಗೇಹಳ್ಳಿ, ಶ್ರವಣಬೆಳಗೊಳದ ಸುತ್ತು, ಹೊಳೆನರಸೀಪುರದ ಹಳ್ಳಿಮೈಸೂರಿನ ಕಡೆ, ಅರಕಲಗೂಡಿನ ರಾಮನಾಥಪುರ, ಕೊಣನೂರಿನತ್ತಲ ಒಣ ಬಯಲು ಇದಕ್ಕೆ ಒಗ್ಗುವ ಸೀಮೆ. ಮಳೆ ಸುರಿಯುವ ಮಲೆನಾಡಿನ ಅಂಚಿನಲ್ಲಿ ಇದು ಬಾಳುವುದಿಲ್ಲ.

ಗುರುತಿನ ವಿಷಯಕ್ಕೆ ಬರೋಣ. ಹಳದಿ ಹೂವನ್ನು ಮರೆತು ಎಲೆಯ ಬುಡಕ್ಕೆ ಕಣ್ಣು ಹಾಕಿ. ತಂಗಡಿಯ ಪ್ರತಿ ಎಲೆಯೂ ಒಂದು ಕಡ್ಡಿಗೆ ಎರಡೂ ಬದಿ ಜೋಡಿಜೋಡಿಯಾಗಿ ಪೋಣಿಸಿದ ಸಣ್ಣ ಎಲೆಗಳ ಗುಂಪು. ಎಂಟರಿಂದ ಹನ್ನೆರಡು ಜೋಡಿ ಇರುತ್ತವೆ. ಸಣ್ಣ ಎಲೆಯ ತುದಿ ದುಂಡಗಿದ್ದು, ಅದರ ನಡುವೆ ಕೂದಲಿನಷ್ಟು ಸಣ್ಣ ಮೊನೆ ಇರುತ್ತದೆ. ಆ ಎಲೆಯ ಕಡ್ಡಿ ಕೊಂಬೆಗೆ ಕೂಡುವ ಜಾಗದಲ್ಲಿ ಎರಡು ಬದಿಗೂ ಒಂದೊಂದು ಅಗಲವಾದ, ದುಂಡನೆಯ ಹಸಿರು ಹಾಳೆ ಕೊಂಬೆಯನ್ನು ತಬ್ಬಿಕೊಂಡಿರುತ್ತದೆ. ಎಳೆ ಕೊಂಬೆಯ ಉದ್ದಕ್ಕೂ ಈ ಜೋಡಿ ಹಾಳೆಗಳು ಎದ್ದು ಕಾಣುತ್ತವೆ. ಇವೇ ತಂಗಡಿಯ ಕಿವಿಗಳು. ಲಿನೇಯಸ್ 1753ರಲ್ಲಿ ಈ ಗಿಡಕ್ಕೆ ಆರಿಕ್ಯುಲೇಟಾ, ಅಂದರೆ ಕಿವಿಯುಳ್ಳದ್ದು, ಎಂದು ಹೆಸರಿಟ್ಟದ್ದು ಇವನ್ನು ನೋಡಿಯೇ. ನಮ್ಮ ಕಡೆ ಇದರ ಜೊತೆ ಅದಲುಬದಲಾಗುವ ಹಳದಿ ಹೂವಿನ ಬಳಗದಲ್ಲಿ ಬೇರೆ ಯಾವುದಕ್ಕೂ ಇಷ್ಟು ಅಗಲದ, ಉದುರದೆ ಉಳಿಯುವ ಕಿವಿ ಇಲ್ಲ. ಹೂ ಇಲ್ಲದ ಕಾಲದಲ್ಲೂ, ಕಾಯಿ ಇಲ್ಲದ ಕಾಲದಲ್ಲೂ ಗಿಡವನ್ನು ಹಿಡಿದುಕೊಡುವ ಗುರುತು ಇದು.

ಅನುಮಾನ ಉಳಿದರೆ ಎಲೆಯ ಕಡ್ಡಿಯನ್ನು ಬಿಸಿಲಿಗೆ ಹಿಡಿದು ನೋಡಿ. ಪ್ರತಿ ಜೋಡಿ ಎಲೆಯ ನಡುವೆ ನೆಟ್ಟಗೆ ನಿಂತ ಒಂದು ಸಣ್ಣ ಮುಳ್ಳಿನಂಥ ಗ್ರಂಥಿ ಕಾಣುತ್ತದೆ. ಮುಟ್ಟಿದರೆ ಚುಚ್ಚುವುದಿಲ್ಲ. ಎಳೆಯ ಎಲೆಯಲ್ಲಿ ಅದರ ತುದಿ ಜಿನುಗುವ ಸಿಹಿಗೆ ಇರುವೆಗಳು ಬಂದು ಸುತ್ತಾಡುತ್ತಿರುತ್ತವೆ. ಎಲ್ಲ ಜೋಡಿಗಳ ನಡುವೆಯೂ ಈ ಗ್ರಂಥಿ ಇರಬೇಕು. ಕೆಳಗಿನ ಒಂದೆರಡು ಜೋಡಿಗೆ ಮಾತ್ರ ಇದ್ದರೆ, ಅಥವಾ ಇಲ್ಲವೇ ಇಲ್ಲವಾದರೆ, ನಿಮ್ಮ ಕೈಯಲ್ಲಿರುವುದು ಬೇರೆ ಗಿಡ.

ಕಾಯಿಯೂ ಸುಳ್ಳು ಹೇಳುವುದಿಲ್ಲ. ಮೂರು ನಾಲ್ಕು ಅಂಗುಲ ಉದ್ದ, ಅರ್ಧ ಅಂಗುಲಕ್ಕಿಂತ ತುಸು ಹೆಚ್ಚು ಅಗಲ. ಬಲಿತು ಒಣಗಿದಾಗ ಕಾಗದದಷ್ಟು ತೆಳ್ಳಗಾಗಿ, ಬೀಜ ಬೀಜದ ನಡುವೆ ಕುಗ್ಗಿ, ಕರಿದ ಹಪ್ಪಳದ ಹಾಗೆ ಅಲೆಅಲೆಯಾಗಿರುತ್ತದೆ. ಒಂದು ಕಾಯಲ್ಲಿ ಹತ್ತು ಹನ್ನೆರಡು ಬೀಜಗಳಿಗೆ ಕೊರತೆಯಿಲ್ಲ. ತಿಳಿಕಂದು ಬಣ್ಣದ ಈ ಕಾಯಿಗಳು ಗೊಂಚಲಾಗಿ ಗಿಡದಲ್ಲೇ ತಿಂಗಳುಗಟ್ಟಲೆ ನೇತಾಡುತ್ತವೆ. ಗಾಳಿ ಬಂದಾಗ ಅವುಗಳ ಸದ್ದನ್ನೂ ಕೇಳಬಹುದು.

ಈಗ ಹೂ. ಎರಡು ಅಂಗುಲದವರೆಗೆ ಅಗಲ, ಐದು ಎಸಳು, ಅಂಚು ಸುಕ್ಕುಸುಕ್ಕು, ಎಸಳಿನ ಮೇಲೆ ನವಿರಾದ ಕಿತ್ತಳೆ ಗೆರೆಗಳು. ಒಂದೇ ಗಿಡದ ಹತ್ತು ಹೂವನ್ನು ನಿಧಾನವಾಗಿ ನೋಡಿದರೆ ಒಂದು ಸೋಜಿಗ ಕಾಣುತ್ತದೆ. ನಡುವಿನ ಶಲಾಕೆ, ಅಂದರೆ ಮುಂದೆ ಕಾಯಾಗುವ ಹಸಿರು ಕಡ್ಡಿ, ಕೆಲವು ಹೂಗಳಲ್ಲಿ ಎಡಕ್ಕೆ ಬಾಗಿರುತ್ತದೆ, ಕೆಲವುಗಳಲ್ಲಿ ಬಲಕ್ಕೆ. ಕನ್ನಡಿಯ ಎದುರಿನ ರೂಪ ಮತ್ತು ಪ್ರತಿಬಿಂಬ ಒಂದೇ ಗಿಡದಲ್ಲಿ ಅಕ್ಕಪಕ್ಕ ಇದ್ದಂತೆ. ಹತ್ತು ಕೇಸರಗಳಲ್ಲಿ ಮೇಲಿನ ಮೂರು ಸಣ್ಣವು, ಬಂಜೆ. ಮಿಕ್ಕವುಗಳಲ್ಲಿ ಕೆಲವು ಗಿಡ್ಡ, ಕೆಳಗಿನವು ಉದ್ದ ಮತ್ತು ಬಾಗಿದವು. ಗಿಡ್ಡ ಕೇಸರದ ಪರಾಗ ದುಂಬಿಯ ಹೊಟ್ಟೆಗೆ. ಉದ್ದ ಕೇಸರದ ಪರಾಗ ದುಂಬಿಯ ಮೈಗೆ ಅಂಟಿ ಇನ್ನೊಂದು ಹೂವಿನ ಶಲಾಕೆಗೆ. ಎಡಕ್ಕೆ ಬಾಗಿದ ಹೂವಿನಲ್ಲಿ ದುಂಬಿಯ ಒಂದು ಪಕ್ಕೆಗೆ ಅಂಟಿದ ಪರಾಗ, ಬಲಕ್ಕೆ ಬಾಗಿದ ಹೂವಿನ ಶಲಾಕೆಗೆ ನೇರವಾಗಿ ತಾಗುತ್ತದೆ.

ಆ ಪರಾಗ ಪಡೆಯುವುದೂ ಸುಲಭವಲ್ಲ. ಕೇಸರದ ಪರಾಗಚೀಲ ಬಾಯಿ ತೆರೆಯುವುದು ತುದಿಯ ಸಣ್ಣ ರಂಧ್ರದಲ್ಲಿ ಮಾತ್ರ. ಮರ ಕೊರೆದು ಗೂಡು ಮಾಡುವ ದಪ್ಪನೆಯ ಕಪ್ಪು ದುಂಬಿ ಬಂದು ಕೇಸರಗಳನ್ನು ತಬ್ಬಿ, ರೆಕ್ಕೆಯ ಸ್ನಾಯುಗಳನ್ನು ಗುಂಯ್ ಎಂದು ಅದುರಿಸುತ್ತದೆ. ಆ ಅದುರಿಗೆ ಪರಾಗ ಪುಡಿಪುಡಿಯಾಗಿ ಉದುರುತ್ತದೆ. ಹತ್ತಿರ ನಿಂತರೆ ದುಂಬಿ ಹಾರುವಾಗಿನ ದನಿಗೂ ಹೂವಿನ ಮೇಲೆ ಕೂತು ಅದುರಿಸುವಾಗಿನ ದನಿಗೂ ವ್ಯತ್ಯಾಸ ಗೊತ್ತಾಗುತ್ತದೆ, ಎರಡನೆಯದು ಹೆಚ್ಚು ಕೀರಲು. ನಾವು ಸಾಕುವ ಜೇನುಹುಳುವಿಗೆ ಹೀಗೆ ಅದುರಿಸಲು ಬರುವುದಿಲ್ಲ. ಈ ಹೂವಲ್ಲಿ ಮಕರಂದವೂ ಇಲ್ಲ. ಹಾಗಾಗಿ ತಂಗಡಿ ಬದುಕಿರುವುದು ಕಪ್ಪು ದುಂಬಿಯಂಥ ಕಾಡುಜೇನುನೊಣಗಳ ಬಲದಿಂದ, ಅವು ಬದುಕುವುದು ತಂಗಡಿಯಂಥ ಗಿಡಗಳ ಬಲದಿಂದ. ಬದನೆಯ ಹೂವಿನ ಕೇಸರವೂ ತುದಿಯ ರಂಧ್ರದಲ್ಲೇ ಪರಾಗ ಬಿಡುವಂಥದ್ದು, ಅದುರಿಸುವ ದುಂಬಿ ಬಂದರೆ ಅದರಲ್ಲೂ ಕಾಯಿ ಚೆನ್ನಾಗಿ ಕಚ್ಚುತ್ತದೆ. ಬದುವಿನ ಮೇಲೆ ನಾಲ್ಕು ತಂಗಡಿ ಗಿಡ ಉಳಿಸಿಕೊಂಡ ರೈತ ತನ್ನ ಬದನೆ ತಾಕಿಗೆ ಬರುವ ದುಂಬಿಗಳಿಗೆ ಆಹಾರ ಕೊಡುತ್ತಿದ್ದಾನೆ.

ಈಗ ತಂಗಡಿ ಎಂದು ತಪ್ಪಾಗಿ ತಿಳಿಯುವ ಗಿಡಗಳು. ಮೊದಲನೆಯದು ಆಗಲೇ ಹೇಳಿದ ಸೀಮೆ ತಂಗಡಿ. ಅದು ದೊಡ್ಡ ಮರ, ಆಗ್ನೇಯ ಏಷ್ಯಾದ ಕಡೆಯದು, ನೆರಳಿಗೆ ಮತ್ತು ಸೌದೆಗೆ ಎಂದು ರಸ್ತೆ ಬದಿಯಲ್ಲೂ ನೆಡುತೋಪುಗಳಲ್ಲೂ ಹಾಕಿದ್ದು. ಎಲೆಯ ಬುಡದಲ್ಲಿ ಅಗಲ ಕಿವಿ ಇಲ್ಲ, ಎಲೆಯ ನಡುವೆ ಗ್ರಂಥಿ ಇಲ್ಲ, ಕಾಯಿ ಗೇಣುದ್ದ, ಗಟ್ಟಿ. ನಗರದ ಮನೆಯಂಗಳದಲ್ಲಿ ನರ್ಸರಿಯವರು ಕೊಟ್ಟ ಇನ್ನೊಂದು ಹಳದಿ ಸೆನ್ನಾ ಇರುತ್ತದೆ, ಸಣ್ಣ ಮರದಂತೆ ಬೆಳೆದು ವರ್ಷವಿಡೀ ಹೂ ಬಿಡುವಂಥದ್ದು. ಅದರ ಎಲೆಯ ಕೆಳಗಿನ ಎರಡು ಮೂರು ಜೋಡಿಗೆ ಮಾತ್ರ ಗ್ರಂಥಿ, ಕಾಯಿ ಚಪ್ಪಟೆ, ನುಣುಪು. ಬೇಲಿಯಲ್ಲಿ ಗಂಟೆಯಾಕಾರದ ಹಳದಿ ಹೂ ಬಿಡುವ ಟೆಕೋಮಾ ಈ ಬಳಗದ್ದೇ ಅಲ್ಲ. ಅದರ ಎಲೆಯ ಅಂಚು ಗರಗಸದ ಹಲ್ಲಿನಂತಿರುವುದರಿಂದ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಭಯಪಡಬೇಕಾದ ಗಿಡ ಒಂದಿದೆ. ಮಳೆಗಾಲದಲ್ಲಿ ತಿಪ್ಪೆ ಬದಿ, ಪಾಳುಜಾಗದಲ್ಲಿ ಏಳುವ ತಗಚೆಯನ್ನು ನಮ್ಮ ಹೆಂಗಸರು ಎಳೆಯದರಲ್ಲೇ ಕಿತ್ತು ಸೊಪ್ಪಿನ ಸಾರು ಮಾಡುತ್ತಾರೆ. ಅದಕ್ಕೆ ಮೂರೇ ಜೋಡಿ ಎಲೆ, ತುದಿ ದುಂಡು. ಅದರ ಪಕ್ಕದಲ್ಲೇ ದೊಡ್ಡ ತಗಚೆ ಬೆಳೆಯುತ್ತದೆ. ನಾಲ್ಕೈದು ಜೋಡಿ ಎಲೆ, ತುದಿ ಚೂಪು, ಎಲೆತೊಟ್ಟಿನ ಬುಡದಲ್ಲಿ ಒಂದೇ ಒಂದು ಉಬ್ಬಿದ ಗ್ರಂಥಿ, ಉಜ್ಜಿದರೆ ಕೆಟ್ಟ ವಾಸನೆ, ಮೇಲಕ್ಕೆ ನಿಂತ ಕಾಯಿ. ಅದರ ಬೀಜ ಮಕ್ಕಳ ಹೊಟ್ಟೆಗೆ ಹೋದರೆ ಯಕೃತ್ತು, ಸ್ನಾಯು, ಮಿದುಳು ಮೂರಕ್ಕೂ ಪೆಟ್ಟು. ಪಶ್ಚಿಮ ಉತ್ತರ ಪ್ರದೇಶದಲ್ಲಿ ಮಳೆಗಾಲ ಕಳೆದ ಮೇಲೆ ವರ್ಷ ವರ್ಷವೂ ಮಕ್ಕಳು ಸಾಯುತ್ತಿದ್ದಾಗ ಅದನ್ನು ಮಿದುಳುಜ್ವರ ಎಂದೇ ಬಹುಕಾಲ ತಿಳಿಯಲಾಗಿತ್ತು. ವೆಲ್ಲೂರಿನ ವೈರಾಣು ತಜ್ಞ ಜೇಕಬ್ ಜಾನ್ ಮತ್ತು ಸಂಗಡಿಗ ವೈದ್ಯರು ಈ ಗಿಡದ ಕಡೆ ಬೆರಳು ಮಾಡಿದರು. 2016ರಲ್ಲಿ ಒಡಿಶಾದ ಮಲ್ಕಾನ್‌ಗಿರಿಯಲ್ಲಿ ಹತ್ತಾರು ಮಕ್ಕಳು ತೀರಿಕೊಂಡಾಗಲೂ ಇದೇ ಗಿಡ ಕಾರಣವೆಂದು ಅವರು ತೋರಿಸಿದರು. ಹಳದಿ ಹೂವಿನ ಗಿಡವೆಲ್ಲ ಆವರಿಕೆ ಎಂದುಕೊಂಡು ಬೀಜ, ಎಲೆ ಕೂಡಿಹಾಕುವವರು ಈ ಸಾವುಗಳನ್ನು ನೆನಪಿಟ್ಟುಕೊಳ್ಳಬೇಕು.

ಅಂಗಡಿಯಲ್ಲಿ ಕೊಳ್ಳುವವರಿಗೆ ಮತ್ತೊಂದು ಎಚ್ಚರಿಕೆ. ನೆಲಾವರಿಕೆ ಎಂಬುದು ಬೇರೆ, ಸೋನಾಮುಖಿ ಎಂದೂ ಕರೆಯುವ ಅದು ಭೇದಿಗೆ ಕೊಡುವ ಎಲೆ. ಆವರಿಕೆ ಎಂದು ಕೇಳಿ ನೆಲಾವರಿಕೆ ಪುಡಿ ತಂದು ದಿನಾ ಕುಡಿದರೆ ಹೊಟ್ಟೆ ಕೆಟ್ಟು ಮೈ ಒಣಗುತ್ತದೆ. ಪುಡಿಯಾದ ಮೇಲೆ ಕಿವಿಯೂ ಇಲ್ಲ, ಗ್ರಂಥಿಯೂ ಇಲ್ಲ, ಗುರುತಿಸುವ ದಾರಿಯೇ ಮುಚ್ಚುತ್ತದೆ. ಬೇಕೇ ಬೇಕೆನ್ನುವವರು ಇಡಿಯಾಗಿ ಒಣಗಿಸಿದ ಹೂವನ್ನು ಕೇಳಿ ಪಡೆಯುವುದು ಮೇಲು.

ಇನ್ನು ಔಷಧದ ಮಾತು. ಸಿದ್ಧ ವೈದ್ಯದಲ್ಲಿ ಆವಾರೈ ಕುಡಿನೀರ್ ಎಂಬ ಕಷಾಯವನ್ನು ಮಧುಮೇಹಕ್ಕೆ ಕೊಡುವ ಪದ್ಧತಿ ಹಳೆಯದು. ಶ್ರೀಲಂಕಾದಲ್ಲಿ ರಣವರಾ ಹೂವಿನ ಚಹಾ ಮನೆಮಾತು. ಇಲಿಗಳ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ ಹೂವಿನ ಸಾರ ರಕ್ತದ ಸಕ್ಕರೆಯನ್ನು ಇಳಿಸಿದ್ದೂ ನಿಜ. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿ, ಅದೂ ಮಾತ್ರೆ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ, ಅದೇ ಅಳತೆಗೆ ಆಗುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು. ಅದೇ ಶ್ರೀಲಂಕಾದ ಸಂಶೋಧಕರು 1980ರ ದಶಕದ ಮೊದಲಲ್ಲಿ ತಮ್ಮ ನಾಡಿನ ಔಷಧಿ ಗಿಡಗಳನ್ನು ಪರೀಕ್ಷಿಸಿದಾಗ, ಯಕೃತ್ತಿಗೆ ಕೆಡುಕು ಮಾಡುವ ಆಲ್ಕಲಾಯ್ಡ್‌ಗಳು ಇರುವ ಗಿಡಗಳ ಪೈಕಿ ಇದನ್ನೂ ಎಣಿಸಿದ್ದಾರೆ. ಅಪರೂಪಕ್ಕೆ ಒಂದು ಲೋಟ ಕುಡಿಯುವುದಕ್ಕೂ ವರ್ಷಗಟ್ಟಲೆ ದಿನಾ ಕುಡಿಯುವುದಕ್ಕೂ ವ್ಯತ್ಯಾಸವಿದೆ. ಡಾಕ್ಟರರಿಗೆ ಹೇಳದೆ ಮಾತ್ರೆ ನಿಲ್ಲಿಸಿ ಹೂವಿನ ಕಷಾಯವನ್ನೇ ನಂಬುವುದು ಸರಿಯಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಈ ಗಿಡವನ್ನು ಬೆಳೆಸಲು ಔಷಧದ ಆಸೆಯೊಂದೇ ಕಾರಣವಾಗಬೇಕಿಲ್ಲ.

ಗುರುತು ಹಿಡಿಯುವ ವಿದ್ಯೆಯಲ್ಲಿ ಹಾಸನದವರಿಗೆ ಒಂದು ದೊಡ್ಡ ಆಸ್ತಿಯಿದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಪಾದ್ರಿ, ಸಸ್ಯಶಾಸ್ತ್ರಜ್ಞ ಸೆಸಿಲ್ ಸಲ್ಡಾನ್ಹಾ ಮತ್ತು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್ ಸಂಪಾದಿಸಿದ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ 1976ರಲ್ಲಿ ಹೊರಬಂತು. ಒಂದೇ ಜಿಲ್ಲೆಯ ಹೂ ಬಿಡುವ ಗಿಡಗಳಿಗೆ ಒಂಬೈನೂರು ಪುಟದ ಆಸುಪಾಸಿನ ಗ್ರಂಥ. ಘಟ್ಟದ ಕಾಡೂ ಒಣ ಬಯಲೂ ಒಂದೇ ಜಿಲ್ಲೆಯೊಳಗೆ ಇರುವುದರಿಂದ ಇಂಥ ಅಧ್ಯಯನಕ್ಕೆ ಹಾಸನ ಹೇಳಿ ಮಾಡಿಸಿದ ಜಾಗ. ದಕ್ಷಿಣ ಭಾರತದಲ್ಲಿ ಗಿಡ ಗುರುತಿಸುವ ಕೆಲಸಕ್ಕೆ ಇಳಿದವರು ಇಂದಿಗೂ ಅದನ್ನು ತೆರೆದು ನೋಡುತ್ತಾರೆ. ಸಲ್ಡಾನ್ಹಾ ಮುಂದೆ ಕರ್ನಾಟಕದ ಸಸ್ಯಸಂಪತ್ತಿನ ಸಂಪುಟಗಳನ್ನೂ ತಂದರು, ಮೊದಲನೆಯದು 1984ರಲ್ಲಿ, ಎರಡನೆಯದು 1996ರಲ್ಲಿ.

ಅಂಥ ಗ್ರಂಥ ಕೆಲಸ ಮಾಡುವ ಬಗೆ ತಿಳಿದರೆ ಯಾರಿಗಾದರೂ ಉಪಯೋಗ. ಅದು ಪ್ರತಿ ಹೆಜ್ಜೆಗೂ ಎರಡು ಮಾತು ಮುಂದಿಡುತ್ತದೆ: ಎಲೆಯ ಮೇಲೆ ಗ್ರಂಥಿ ಇದೆಯೋ, ಇಲ್ಲವೋ? ಇದ್ದರೆ ಎಲ್ಲ ಜೋಡಿಗಳ ನಡುವೆಯೋ, ಕೆಲವಕ್ಕೆ ಮಾತ್ರವೋ? ಬುಡದ ಹಾಳೆ ಅಗಲವೋ, ದಾರದಂತೆ ಸಣ್ಣದೋ? ಒಂದನ್ನು ಆರಿಸುತ್ತ ಹೋದರೆ ಕೊನೆಗೆ ಒಂದೇ ಹೆಸರು ಉಳಿಯುತ್ತದೆ. ಹೂವಿನ ಬಣ್ಣಕ್ಕೆ ಅಲ್ಲಿ ಬೆಲೆ ಕಡಿಮೆ. ಆ ಪುಸ್ತಕ ಕೈಗೆ ಸಿಕ್ಕವರು ತಂಗಡಿಯನ್ನು ಕ್ಯಾಸಿಯಾ ಎಂಬ ಹೆಸರಿನಡಿ ಹುಡುಕಬೇಕು. ಅಮೆರಿಕದ ಇರ್ವಿನ್ ಮತ್ತು ಬಾರ್ನೆಬಿ 1982ರಲ್ಲಿ ಆ ದೊಡ್ಡ ಕುಲವನ್ನು ಒಡೆದ ಮೇಲೆಯೇ ಸೆನ್ನಾ ಹೆಸರು ಮತ್ತೆ ಬಳಕೆಗೆ ಬಂದದ್ದು. ಕಕ್ಕೆ ಮರದಂಥವು ಕ್ಯಾಸಿಯಾ ಆಗಿಯೇ ಉಳಿದಿವೆ. ಜಿಲ್ಲೆಯ ಪ್ರತಿ ಪದವಿ ಕಾಲೇಜಿನ ಗ್ರಂಥಾಲಯದಲ್ಲೂ ಈ ಪುಸ್ತಕದ ಒಂದು ಪ್ರತಿ, ಅದರ ಮುಖ್ಯ ಭಾಗಗಳ ಒಂದು ಕನ್ನಡ ಸಂಗ್ರಹ ಇರಬೇಕಿತ್ತು. ಕನ್ನಡ ಬಲ್ಲ ಸಸ್ಯಶಾಸ್ತ್ರದ ಮೇಷ್ಟರುಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಈ ಕೆಲಸವನ್ನು ಯಾರಾದರೂ ಕೈಗೆತ್ತಿಕೊಳ್ಳಲಿ.

ತಂಗಡಿಗೆ ಒಂದು ಕಾಲದಲ್ಲಿ ಮಾರುಕಟ್ಟೆಯೂ ಇತ್ತು. ಅದರ ತೊಗಟೆಯಲ್ಲಿ ಶೇ. 15ರಿಂದ 20ರಷ್ಟು ಒಗರು, ಅಂದರೆ ಟ್ಯಾನಿನ್. ಚರ್ಮ ಹದ ಮಾಡಲು ದಕ್ಷಿಣ ಭಾರತದಲ್ಲಿ ಇದಕ್ಕಿಂತ ಒಳ್ಳೆಯ ತೊಗಟೆ ಇರಲಿಲ್ಲ. ಮದ್ರಾಸಿನಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ಅರೆ ಹದದ ಚರ್ಮಕ್ಕೆ ತಿಳಿಬಣ್ಣ, ಮೆತ್ತನೆಯ ಗುಣ ಬರುತ್ತಿದ್ದದ್ದು ತಂಗಡಿ ಚಕ್ಕೆಯಿಂದ. ಮೈಸೂರು ಸಂಸ್ಥಾನದ ಬಯಲುಸೀಮೆಯಲ್ಲೂ ತಂಗಡಿ ಚಕ್ಕೆ ಕಾಡಿನ ಉತ್ಪನ್ನವಾಗಿ ಲೆಕ್ಕಕ್ಕೆ ಸೇರಿತ್ತು. 20ನೇ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣ ಆಫ್ರಿಕಾದಿಂದ ವಾಟಲ್ ತೊಗಟೆ ಬಂದು ಅಗ್ಗವಾಗಿ ಸಿಕ್ಕಿತು. ಅದೇ ಹೊತ್ತಿಗೆ ಕ್ರೋಮ್ ಹದ ಹೊಸದಾಗಿ ಬಂತು. ಮದ್ರಾಸಿನಲ್ಲಿ ಅದನ್ನು ಮೊದಲು ಪ್ರಯೋಗಿಸಿದ ಆಲ್ಫ್ರೆಡ್ ಚಾಟರ್ಟನ್ ಮುಂದೆ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರಿನ ಕೈಗಾರಿಕಾ ನಿರ್ದೇಶಕರಾದರು. ತಂಗಡಿ ಚಕ್ಕೆಯ ಕಥೆ ಅಲ್ಲಿಗೆ ಮುಗಿಯಿತು. ಗಿಡಕ್ಕೆ ಒಂದು ರೀತಿಯಲ್ಲಿ ಅದು ಒಳ್ಳೆಯದೇ ಆಯಿತು, ತೊಗಟೆಗಾಗಿ ಬುಡಮಟ್ಟ ಕಡಿಯುವುದು ನಿಂತಿತು.

ಹಬ್ಬದಲ್ಲಿ ಇದರ ಜಾಗ ಇನ್ನೂ ಉಳಿದಿದೆ. ದೀಪಾವಳಿಯ ಹೊತ್ತಿಗೆ ಬಯಲುಸೀಮೆಯ ಹಲವು ಊರುಗಳಲ್ಲಿ ಸಗಣಿಯ ಉಂಡೆ ಮಾಡಿ, ಅದಕ್ಕೆ ಅಣ್ಣೆ ಹೂ, ತಂಗಡಿ ಹೂ, ಉತ್ತರಾಣಿ ಕಡ್ಡಿ ಸಿಕ್ಕಿಸಿ ಹೊಸ್ತಿಲು, ಕೊಟ್ಟಿಗೆ, ತಿಪ್ಪೆಗೆ ಇಡುತ್ತಾರೆ. ತೆಲಂಗಾಣದಲ್ಲಿ ಬತುಕಮ್ಮ ಹಬ್ಬದ ಹೂವಿನ ಗೋಪುರಕ್ಕೆ ತಂಗೇಡು ಬೇಕೇ ಬೇಕು. 2014ರಲ್ಲಿ ಹೊಸ ರಾಜ್ಯವಾದ ಮೇಲೆ ಅವರು ಅದನ್ನೇ ರಾಜ್ಯದ ಹೂವಾಗಿ ಆರಿಸಿಕೊಂಡರು. ಬದುವಿನ ಮೇಲೆ ತಾನಾಗಿ ಬೆಳೆಯುವ ಗಿಡಕ್ಕೆ ಒಂದು ರಾಜ್ಯ ಕೊಟ್ಟ ಮರ್ಯಾದೆ ಅದು.

ನಮ್ಮಲ್ಲಿ ಆ ಬದುವೇ ಸವೆಯುತ್ತಿದೆ. 1979ರಲ್ಲಿ ಗೊರೂರಿನ ಬಳಿ ಹೇಮಾವತಿ ಅಣೆಕಟ್ಟು ಮುಗಿದು, ಎಡದಂಡೆ ನಾಲೆ ಚನ್ನರಾಯಪಟ್ಟಣವನ್ನು ಹಾಯ್ದು ತುಮಕೂರಿನ ಕಡೆಗೆ ಹೋಯಿತು. ನೀರು ಕಂಡ ಹೊಲ ತೋಟವಾದದ್ದು ಸಂತೋಷದ ಸಂಗತಿ, ಅದರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಆದರೆ ನೀರು ಕಾಣದ ಕಡೆಯೂ ಜೆಸಿಬಿ ತಂದು ಬದು ಸಮ ಮಾಡಿಸಿ, ಅಂಚಿನ ಗಿಡಗಳನ್ನೆಲ್ಲ ಗೋರಿ ಹಾಕಿ, ತಂತಿ ಬೇಲಿ ಎಳೆಸುವುದು ರೂಢಿಯಾಗಿದೆ. ಮೊದಲ ಜೋರು ಮಳೆಗೆ ಆ ಬೋಳು ಅಂಚಿನಿಂದ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ತಂಗಡಿಯ ತಾಯಿಬೇರು ಕಲ್ಲಿನ ಸಂದಿಗೂ ಇಳಿದು ಮಣ್ಣು ಹಿಡಿಯುತ್ತದೆ. ದನ, ಕುರಿ ಇದನ್ನು ಮೇಯುವುದಿಲ್ಲ, ಆದ್ದರಿಂದ ಕಾವಲು ಬೇಡ. ಸೊಪ್ಪು ಕೊಯ್ದು ತೆಂಗಿನ ಪಾತಿಗೆ, ಗದ್ದೆಗೆ ಹಸಿರೆಲೆ ಗೊಬ್ಬರವಾಗಿ ಹಾಕಬಹುದು. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ: ಅವರೆ, ತೊಗರಿಯ ಬಳಗದ್ದಾದ್ದರಿಂದ ಇದರ ಬೇರಿನಲ್ಲೂ ಸಾರಜನಕ ಹಿಡಿಯುವ ಗಂಟುಗಳಿರುತ್ತವೆ ಎನ್ನುತ್ತಾರೆ. ಸೆನ್ನಾ ಗಿಡಗಳಲ್ಲಿ ಸಾಮಾನ್ಯವಾಗಿ ಆ ಗಂಟುಗಳಿರುವುದಿಲ್ಲ. ಅದರ ಸತ್ವ ಸಿಗುವುದು ಸೊಪ್ಪಿನಿಂದ ಮಾತ್ರ, ಕೊಯ್ದು ಮಣ್ಣಿಗೆ ಸೇರಿಸಿದರೇ ಲಾಭ.

ಬೆಳೆಸುವ ಕ್ರಮ ಕಷ್ಟದ್ದಲ್ಲ, ಎರಡು ಕಡೆ ಮಾತ್ರ ಎಚ್ಚರ ಬೇಕು. ಮೊದಲನೆಯದು ಬೀಜದ ಸಿಪ್ಪೆ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ಒಣಗಿದ ಕಾಯಿ ಹೇರಳವಾಗಿ ಸಿಗುತ್ತದೆ. ಉಜ್ಜಿದರೆ ಬೀಜ ಉದುರುತ್ತದೆ. ತೂತು ಬಿದ್ದ ಬೀಜದಲ್ಲಿ ಹುಳು ಕೂತಿರುತ್ತದೆ, ಅದನ್ನು ಎಸೆಯಿರಿ. ಉಳಿದದ್ದನ್ನು ನೇರವಾಗಿ ಬಿತ್ತಿದರೆ ನೂರಕ್ಕೆ ಕೆಲವೇ ಮೊಳೆತು, ಮಿಕ್ಕವು ಗಟ್ಟಿ ಸಿಪ್ಪೆಯೊಳಗೆ ಮಲಗಿಬಿಡುತ್ತವೆ. ನೀರನ್ನು ಕುದಿಸಿ, ಒಲೆಯಿಂದ ಇಳಿಸಿ, ಬೀಜ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಉಬ್ಬಿದ ಬೀಜಗಳನ್ನು ಆರಿಸಿಕೊಂಡು ಅಂದೇ ಬಿತ್ತಿ. ಉಬ್ಬದೆ ಉಳಿದವಕ್ಕೆ ಮರುದಿನ ಮತ್ತೆ ಅದೇ ಉಪಚಾರ. ಒಲೆಯ ಮೇಲಿಟ್ಟು ಬೀಜವನ್ನೇ ಕುದಿಸಬಾರದು, ಒಳಗಿನ ಮೊಳಕೆ ಬೆಂದುಹೋಗುತ್ತದೆ.

ಎರಡನೆಯದು ತಾಯಿಬೇರು. ಇದು ಎಳೆಯದರಲ್ಲೇ ಆಳಕ್ಕಿಳಿಯುತ್ತದೆ, ಪಾತಿಯಿಂದ ಕಿತ್ತು ನೆಟ್ಟರೆ ಬೇರು ತುಂಡಾಗಿ ಸೊರಗುತ್ತದೆ. ಆದ್ದರಿಂದ ಉದ್ದನೆಯ ಪ್ಲಾಸ್ಟಿಕ್ ಚೀಲಗಳಲ್ಲೇ ಸಸಿ ಮಾಡಿ. ಕೆಂಪು ಮಣ್ಣಿಗೆ ಮರಳು, ಸ್ವಲ್ಪ ಕೊಟ್ಟಿಗೆ ಗೊಬ್ಬರ ಸೇರಿಸಿ ತುಂಬಿ, ಅರ್ಧ ಅಂಗುಲ ಆಳದಲ್ಲಿ ಎರಡೆರಡು ಬೀಜ ಹಾಕಿದರೆ ಸಾಕು. ಎರಡು ಮೂರು ವಾರದೊಳಗೆ ಮೊಳೆಯುತ್ತದೆ. ಯುಗಾದಿಯ ಸುಮಾರಿಗೆ ಬಿತ್ತಿದ್ದು ಆರಿದ್ರಾ ಮಳೆಯ ಹೊತ್ತಿಗೆ ನೆಡಲು ಹದವಾಗುತ್ತದೆ. ಬದುವಿನ ಮೇಲೆ ಒಂದಡಿ ಗುಂಡಿ ತೆಗೆದು, ಮೂರು ನಾಲ್ಕು ಅಡಿಗೊಂದರಂತೆ ನೆಡಿ. ಸಸಿ ಮಾಡುವ ಪುರುಸೊತ್ತು ಇಲ್ಲದವರು ಉಪಚರಿಸಿದ ಬೀಜವನ್ನು ಮುಂಗಾರಿನಲ್ಲಿ ಬದುವಿನ ಮೇಲೇ ಊರಬಹುದು, ಒಂದಿಷ್ಟು ಹಾಳಾದರೂ ಉಳಿದದ್ದು ಗಟ್ಟಿಯಾಗಿ ಬರುತ್ತದೆ. ಮೊದಲ ಬೇಸಿಗೆಯಲ್ಲಿ ವಾರಕ್ಕೊಂದು ಬಿಂದಿಗೆ ನೀರು ಹಾಕಿ, ಆಮೇಲೆ ಅದರ ಪಾಡಿಗೆ ಬಿಡಿ. ನೀರು ನಿಲ್ಲುವ ಜಾಗವಾದರೆ ಬೇರು ಕೊಳೆಯುತ್ತದೆ, ನೆರಳಾದರೆ ಹೂ ಬಿಡುವುದಿಲ್ಲ. ತಗ್ಗಿನ ಗದ್ದೆಯ ಅಂಚು, ತೆಂಗಿನ ಸಾಲಿನ ಒಳಗು ಇದಕ್ಕೆ ಬೇಡ.

ಎರಡನೆಯ ವರ್ಷದಿಂದ ಹೂ. ಮಳೆ ಹದವಾಗಿದ್ದ ವರ್ಷ ಗಿಡ ದಸರೆಯಿಂದ ಹಿಡಿದು ಚಳಿಗಾಲವೆಲ್ಲ ತುಂಬಿ ನಿಲ್ಲುತ್ತದೆ. ಕಾಯಿ ಉದುರಿದ ಮೇಲೆ ಮೊಳಕಾಲೆತ್ತರಕ್ಕೆ ಸವರಿದರೆ ಮುಂಗಾರಿಗೆ ದಟ್ಟವಾಗಿ ಚಿಗುರುತ್ತದೆ. ಸವರದೆ ಬಿಟ್ಟರೆ ಕೆಳಗೆ ಬೋಳಾಗಿ, ಮೇಲೆ ಮಾತ್ರ ಎಲೆ ಉಳಿಯುತ್ತದೆ. ಆಗಾಗ ಎಲೆಯಲ್ಲಿ ಹಸಿರು ಕಂಬಳಿಹುಳುಗಳು ಕಾಣುತ್ತವೆ. ಬಿಳಿ, ತಿಳಿಹಳದಿ ಬಣ್ಣದ ವಲಸೆ ಚಿಟ್ಟೆಗಳ ಮರಿಗಳು ಅವು. ಔಷಧಿ ಹೊಡೆಯಬೇಡಿ. ತಿಂದಷ್ಟು ಎಲೆ ಹದಿನೈದು ದಿನದಲ್ಲಿ ಮತ್ತೆ ಬರುತ್ತದೆ. ಹಾಸನ ಪೇಟೆಯಲ್ಲಿ ಮನೆಯ ಮುಂದೆ ಅಂಗಳವಿಲ್ಲದವರು ತಾರಸಿಯಲ್ಲಿ ದೊಡ್ಡ ಸಿಮೆಂಟ್ ಕುಂಡದಲ್ಲೂ ಬೆಳೆಸಬಹುದು. ಇಡೀ ದಿನದ ಬಿಸಿಲು, ತಳದಲ್ಲಿ ನೀರು ಸರಾಗ ಇಳಿಯುವ ತೂತು, ಇವಿಷ್ಟು ಇರಲಿ.

ಅರಕಲಗೂಡಿನ ಪಶ್ಚಿಮಕ್ಕೆ, ಮಲ್ಲಿಪಟ್ಟಣದ ಕಡೆಯ ತಂಪು ನೆಲದವರು ತಂಗಡಿಗಾಗಿ ಹಠ ಹಿಡಿಯುವುದು ಬೇಡ. ಅವರಿಗೆ ಕೇಪಳ ಇದೆ, ಅದು ಅವರ ಮಣ್ಣಿನ ಗಿಡ. ಯಾವ ಮಣ್ಣಿಗೆ ಯಾವುದು ತಾನಾಗಿ ಬರುತ್ತದೋ ಅದನ್ನು ನೆಡುವುದು ಕ್ಷೇಮ. ಹಳದಿ ಹೂವಿನ ಅಂದಕ್ಕೆಂದೇ ಹೊರಗಿನಿಂದ ತಂದ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಮರ ಇಂದು ವಯನಾಡು, ಬಂಡೀಪುರ, ನಾಗರಹೊಳೆಯ ಕಾಡಿನೊಳಗೆ ಹಬ್ಬಿ, ಅದರಡಿಯಲ್ಲಿ ಹುಲ್ಲೂ ಹುಟ್ಟದಂತಾಗಿದೆ. ಕಡಿದರೂ ಬುಡದಿಂದ ಮತ್ತೆ ಚಿಗುರುವ ಅದನ್ನು ತೆಗೆಯಲು ಅರಣ್ಯ ಇಲಾಖೆಗಳು ಹೆಣಗುತ್ತಿವೆ. ನರ್ಸರಿಯಲ್ಲಿ ಹಳದಿ ಸೆನ್ನಾ ಎಂದು ಕೊಟ್ಟ ಸಸಿಯನ್ನು ಕೊಳ್ಳುವ ಮುಂಚೆ ಎಲೆಯ ಬುಡ ನೋಡುವ ಅಭ್ಯಾಸ ಇಟ್ಟುಕೊಂಡರೆ ನಮ್ಮ ಜಿಲ್ಲೆಗೆ ಅಂಥ ಸ್ಥಿತಿ ಬರುವುದನ್ನು ತಡೆಯಬಹುದು.

ಚನ್ನರಾಯಪಟ್ಟಣ, ಹೊಳೆನರಸೀಪುರದ ರೈತರಲ್ಲಿ ಒಂದು ಬಿನ್ನಹ. ಈ ಬೇಸಿಗೆಯಲ್ಲಿ ಬದು ಸಮ ಮಾಡಿಸಲು ಜೆಸಿಬಿ ಕರೆಸುವ ಮೊದಲು ಅಂಚಿನಲ್ಲಿ ಒಂದು ಸುತ್ತು ಬನ್ನಿ. ಅಗಲ ಕಿವಿಯ ಗಿಡ ಕಂಡರೆ ಡ್ರೈವರಿಗೆ ಹೇಳಿ ಅದನ್ನು ಬಿಡಿಸಿ. ಬಿಡಿಸಲು ಆಗದೇ ಹೋದರೆ ಒಣಗಿದ ಕಾಯನ್ನಾದರೂ ಒಂದು ಚೀಲದಲ್ಲಿ ತುಂಬಿಟ್ಟುಕೊಂಡು, ಮುಂಗಾರಿಗೆ ಹೊಸ ಬದುವಿನ ಮೇಲೆ ಊರಿ. ಶಾಲೆಯ ಮೇಷ್ಟರುಗಳು ಮಕ್ಕಳಿಗೆ ಎರಡು ಗಿಡ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಲಿ, ಒಂದು ತಂಗಡಿ, ಇನ್ನೊಂದು ದೊಡ್ಡ ತಗಚೆ.